ಅಜ್ಜನ ಪೆಂಟಾಕ್ಸ್ ಕೆ1000 ಮಾರಬೇಡಿ, ಮೊದಲು ಒಣಗಿಸಿ

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಹಳ್ಳಿ. ಅಜ್ಜ ಸೇನೆಯಲ್ಲಿದ್ದವರು, ಈಗಿಲ್ಲ. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಮರದ ಪೆಟ್ಟಿಗೆಯಲ್ಲಿ ಅವರ ಕ್ಯಾಮೆರಾ ಸಿಕ್ಕಿತು. ಪೆಂಟಾಕ್ಸ್ ಕೆ1000 ಎಂದು ಬರೆದಿದೆ. ಚರ್ಮದ ಕೇಸಿನಲ್ಲೇ ಇತ್ತು. ಲೆನ್ಸ್ ಒಳಗೆ ಬಿಳಿ ದಾರದ ಥರ ಏನೋ ಕಾಣುತ್ತದೆ. ಕಣ್ಣಿಟ್ಟು ನೋಡಿದರೆ ಬಲಗಡೆ ಒಂದು ಮುಳ್ಳಿದೆ, ಅದು ಅಲ್ಲಾಡುವುದಿಲ್ಲ. ಹಿಂದಿನ ಬಾಗಿಲು ಹೇಗೆ ತೆಗೆಯುವುದೋ ಗೊತ್ತಾಗಲಿಲ್ಲ. ಪೇಟೆಯಲ್ಲಿ ಒಬ್ಬರು "ಬೂಷ್ಟು ಹಿಡಿದಿದೆ, ಇನ್ನು ಉಪಯೋಗಕ್ಕಿಲ್ಲ, ಬೇಕಾದರೆ ಎರಡು ಸಾವಿರ ಕೊಡುತ್ತೇನೆ" ಅಂದರು. ಮನೆಯ ಆಲ್ಬಮ್‌ನಲ್ಲಿ ಎಲ್ಲರ ಫೋಟೊ ಇದೆ, ಅಜ್ಜನದು ಮಾತ್ರ ಒಂದೆರಡೇ. ಈ ಸಲದ ಸುಗ್ಗಿ ಹಬ್ಬ ಪುತ್ತರಿಗೆ ಅವರ ಕ್ಯಾಮೆರಾದಲ್ಲೇ ಫೋಟೊ ತೆಗೆಯಬೇಕೆಂಬ ಆಸೆ. ನಾನು ಫಿಲ್ಮ್ ಕ್ಯಾಮೆರಾ ಬಳಸಿಯೇ ಇಲ್ಲ. ಸಾಧ್ಯವಾ?

ಉತ್ತರ: ಸಾಧ್ಯ. ಆದರೆ ಹಿಂದಿನ ಬಾಗಿಲು ತೆಗೆಯಲು ಗೊತ್ತಾಗಲಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ದೊಡ್ಡ ಸಮಾಧಾನವಾಯಿತು. ದಯವಿಟ್ಟು ಈಗಲೂ ತೆಗೆಯಬೇಡಿ. ಒಳಗೆ ಅಜ್ಜ ಹಾಕಿದ ರೋಲ್ ಇರಬಹುದು.

ಕ್ಯಾಮೆರಾವನ್ನು ಮೇಜಿನ ಮೇಲೆ ಇಡಿ. ಮೇಲ್ಭಾಗದಲ್ಲಿ, ಎಡಗಡೆಗೆ ಒಂದು ಗುಂಡಗಿನ ನಾಬ್ ಇದೆ. ಅದರ ನೆತ್ತಿಯ ಮೇಲೆ ಮಡಚಿಟ್ಟ ಪುಟ್ಟ ಹಿಡಿಕೆ. ಹಿಡಿಕೆ ಬಿಡಿಸಿ, ಬಾಣದ ಗುರುತಿರುವ ಕಡೆಗೆ ಮೆಲ್ಲಗೆ ತಿರುಗಿಸಿ. ನಾಬನ್ನು ಮೇಲಕ್ಕೆ ಮಾತ್ರ ಎಳೆಯಬೇಡಿ, ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ. ಎಷ್ಟು ತಿರುಗಿಸಿದರೂ ಸುಮ್ನೆ ಸುತ್ತುತ್ತಾ ಇದ್ದರೆ ಒಳಗೆ ಬಹುಶಃ ಏನೂ ಇಲ್ಲ. ಒಂದೆರಡು ಸುತ್ತಿಗೆ ಬಿಗಿಯಾಗಿ ನಿಂತರೆ ಫಿಲ್ಮ್ ಇದೆ. ಆಗ ಬಲಗಡೆಯ ಸಣ್ಣ ಕಿಟಕಿಯಲ್ಲಿರುವ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಗಿಲು ತೆರೆದ ಕೂಡಲೇ ಆ ಅಂಕಿ ಅಳಿಸಿ ಮೊದಲಿಗೆ ಹೋಗುತ್ತದೆ. ಅಲ್ಲಿ 22 ಎಂದಿದ್ದರೆ, ಅಜ್ಜ 22 ಫೋಟೊ ತೆಗೆದು ಉಳಿದದ್ದನ್ನು ಆಮೇಲೆ ತೆಗೆಯೋಣ ಎಂದು ಬಿಟ್ಟಿದ್ದರು ಎಂದು ಅರ್ಥ.

ಫಿಲ್ಮ್ ಇದ್ದರೆ ಹೀಗೆ ಮಾಡಿ. ಕ್ಯಾಮೆರಾದ ತಳದಲ್ಲಿ ಒಂದು ಚಿಕ್ಕ ಬಟನ್ ಇದೆ. ಅದನ್ನು ಒಳಕ್ಕೆ ಒತ್ತಿ, ಹಿಡಿಕೆಯನ್ನು ಬಾಣದ ಕಡೆಗೇ ತಿರುಗಿಸುತ್ತಾ ಹೋಗಿ. ಅವಸರ ಬೇಡ. ಹಳೆಯ ಫಿಲ್ಮ್ ಪೆಡಸಾಗಿರುತ್ತದೆ, ಜೋರು ಮಾಡಿದರೆ ಹರಿಯುತ್ತದೆ. ಕೊನೆಯಲ್ಲಿ ಬೆರಳಿಗೆ ಒಂದು ಸಣ್ಣ ಜಗ್ಗು ತಿಳಿಯುತ್ತದೆ. ಆಮೇಲೆ ಹಿಡಿಕೆ ಹಗುರಾಗುತ್ತದೆ. ಇನ್ನೂ ಹತ್ತು ಸುತ್ತು ತಿರುಗಿಸಿ, ಆಮೇಲೆ ನಾಬ್ ಎಳೆದು ಬಾಗಿಲು ತೆಗೆಯಿರಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಬಲ ಹಾಕಬೇಡಿ. ಕ್ಯಾಮೆರಾವನ್ನು ಹಾಗೇ ಫಿಲ್ಮ್ ತೊಳೆಯುವವರ ಬಳಿಗೆ ಒಯ್ಯಿರಿ, ಅವರು ಕತ್ತಲೆ ಕೋಣೆಯಲ್ಲಿ ಬಿಡಿಸಿ ತೆಗೆಯುತ್ತಾರೆ.

ಹೊರಗೆ ಬಂದ ರೋಲ್ ಯಾವುದು ಎಂದು ಓದಿ. 'ಇಂದು' ಎಂಬ ಹೆಸರಿದ್ದರೆ ಅದು ನಮ್ಮ ಪಕ್ಕದ ಊಟಿಯದೇ. 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಂಪನಿಯ ಫಿಲ್ಮ್. ಈಗ ಆ ಕಾರ್ಖಾನೆ ಇಲ್ಲ. ಕಪ್ಪು-ಬಿಳುಪು ರೋಲ್ ಆಗಿದ್ದರೆ ಎಷ್ಟೋ ವರ್ಷದ ಮೇಲೂ ಚಿತ್ರ ಉಳಿದಿರುವ ಸಂಭವ ಇದೆ. ಕಲರ್ ಆದರೆ ಬಣ್ಣ ಕೆಟ್ಟಿರುತ್ತದೆ, ಆದರೂ ಮುಖ ಗುರುತು ಹತ್ತುವಷ್ಟು ಬರಬಹುದು. ತೊಳೆಯಲು ಕೊಡುವಾಗ ಇದು ತುಂಬಾ ಹಳೆಯ ರೋಲ್ ಎಂದು ಹೇಳಿಯೇ ಕೊಡಿ. ಬೇರೆ ರೋಲ್‌ಗಳ ಜೊತೆ ಸುಮ್ನೆ ಹಾಕಿ ತೊಳೆದರೆ ಇರುವ ಚಿತ್ರವೂ ಮಸುಕಾಗುತ್ತದೆ.

ಈಗ ಕ್ಯಾಮೆರಾ ವಿಷಯ. ನಿಮಗೆ ಎರಡು ಸಾವಿರ ಹೇಳಿದವರು ಬೂಷ್ಟು ತೋರಿಸಿ ಬೆಲೆ ಇಳಿಸಿದ್ದಾರೆ. ಬೂಷ್ಟು ಇರುವುದು ಲೆನ್ಸಿನಲ್ಲಿ. ಲೆನ್ಸ್ ಬೇರೆ, ಬಾಡಿ ಬೇರೆ. ಕೆ1000ರಲ್ಲಿ ಹಾಳಾಗುವುದು ಸಾಮಾನ್ಯವಾಗಿ ಸುಲಭವಾಗಿ ಸಿಗುವ ಭಾಗ, ಉಳಿಯುವುದು ಬೆಲೆ ಬಾಳುವ ಭಾಗ. ಸರಿಯಾಗಿ ಕೆಲಸ ಮಾಡುವ ಒಂದು ಕೆ1000 ಇವತ್ತು ಎರಡು ಸಾವಿರದ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತದೆ. ಮಾರುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ.

ಜಪಾನಿನ ಅಸಾಹಿ ಆಪ್ಟಿಕಲ್ ಕಂಪನಿ ಇದನ್ನು 1976ರಲ್ಲಿ ಹೊರತಂದಿತು. 1997ರವರೆಗೆ ತಯಾರಾಯಿತು. 21 ವರ್ಷದಲ್ಲಿ 30 ಲಕ್ಷಕ್ಕೂ ಜಾಸ್ತಿ ಕ್ಯಾಮೆರಾ. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗ್‌ನಲ್ಲಿ, ಕೊನೆಗೆ ಚೀನಾದಲ್ಲಿ. ಹಣೆಯ ಮೇಲೆ ಅಸಾಹಿ ಎಂಬ ಹೆಸರೂ ಇದ್ದರೆ ಅದು ಹಳೆಯ ಸರಣಿಯದು. ಕೊನೆಕೊನೆಗೆ ಬಂದ ಚೀನಾದ್ದರಲ್ಲಿ ಮೇಲಿನ, ಕೆಳಗಿನ ಮುಚ್ಚಳ ಪ್ಲಾಸ್ಟಿಕ್. ಹಳೆಯದು ಪೂರಾ ಲೋಹ, ಬಾಡಿಯೊಂದೇ ಆರುನೂರು ಗ್ರಾಂ ಮೇಲೆ ತೂಗುತ್ತದೆ.

ಇದು ಆ ಕಂಪನಿಯ ಅಗ್ಗದ ಕ್ಯಾಮೆರಾ ಆಗಿತ್ತು. ಬೆಲೆ ಇಳಿಸಲು ಬೇಡದ್ದನ್ನೆಲ್ಲ ತೆಗೆದುಹಾಕಿದರು. ಸೆಲ್ಫ್ ಟೈಮರ್ ಇಲ್ಲ. ಬೆಳಕು ಅಳೆಯುವ ಮೀಟರಿಗೆ ಸ್ವಿಚ್ ಇಲ್ಲ. ಆಟೊಮ್ಯಾಟಿಕ್ ಅನ್ನುವುದು ಒಂದೂ ಇಲ್ಲ. ಉಳಿದದ್ದು ಶಟರ್ (ಫಿಲ್ಮಿನ ಮುಂದೆ ತೆರೆದು ಮುಚ್ಚುವ ಪರದೆ), ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ), ಫೋಕಸ್ ಮತ್ತು ಬೆಳಕು ತೋರಿಸುವ ಒಂದು ಮುಳ್ಳು. ಅಮೆರಿಕದಲ್ಲಿ ಫೋಟೊಗ್ರಫಿ ಕಲಿಯುವ ಹುಡುಗರ ಕೈಗೆ ವರ್ಷಗಟ್ಟಲೆ ಇದನ್ನೇ ಕೊಟ್ಟರು, ಯಾಕೆಂದರೆ ಇದರಲ್ಲಿ ತಪ್ಪಾದರೆ ಯಾಕೆ ತಪ್ಪಾಯಿತು ಎಂದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಆಗ ಇಂಥ ಕ್ಯಾಮೆರಾ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಹೊರದೇಶಕ್ಕೆ ಹೋದವರು ತರಬೇಕಿತ್ತು. ನಿಮ್ಮ ಅಜ್ಜ ಎಲ್ಲಿಂದಲೋ ಆಸೆಪಟ್ಟು ತಂದಿದ್ದಾರೆ.

ಅಂದಹಾಗೆ, ಆಲ್ಬಮ್‌ನಲ್ಲಿ ಅವರ ಫೋಟೊ ಯಾಕೆ ಕಡಿಮೆ ಎಂಬುದಕ್ಕೂ ಉತ್ತರ ಇಲ್ಲೇ ಇರಬಹುದು. ಟೈಮರ್ ಇಲ್ಲದ ಕ್ಯಾಮೆರಾ. ಮನೆಯಲ್ಲಿ ಅದನ್ನು ಬಳಸಲು ಬರುತ್ತಿದ್ದದ್ದು ಅವರೊಬ್ಬರಿಗೇ ಇರಬೇಕು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವರು ಈಚೆ ಕಡೆ ಉಳಿದರು.

ಬೂಷ್ಟಿಗೆ ಬರೋಣ. ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಇದರ ಪರಿಚಯ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನ ಬಟ್ಟೆಗೆ ಹಿಡಿಯುವ ಬೂಷ್ಟೇ ಲೆನ್ಸಿಗೂ ಹಿಡಿಯುವುದು. ಅದಕ್ಕೆ ಬೇಕಾದದ್ದು ತೇವ, ಕತ್ತಲೆ, ಗಾಳಿಯಾಡದ ಜಾಗ. ಚರ್ಮದ ಕೇಸ್ ಈ ಮೂರನ್ನೂ ಕೊಡುತ್ತದೆ. ಚರ್ಮ ಮಳೆಗಾಲದ ತೇವ ಹೀರಿಕೊಂಡು ತಿಂಗಳುಗಟ್ಟಲೆ ಹಾಗೇ ಹಿಡಿದಿಡುತ್ತದೆ. ಅಜ್ಜ ಜೋಪಾನ ಮಾಡಬೇಕೆಂದೇ ಅದರಲ್ಲಿಟ್ಟರು. ಈಗ ನೀವು ಮಾಡಬೇಕಾದ ಮೊದಲ ಕೆಲಸ, ಕ್ಯಾಮೆರಾವನ್ನು ಆ ಕೇಸಿನಿಂದ ಬೇರೆ ಮಾಡುವುದು. ನೆನಪಿಗೆ ಕೇಸ್ ಇಟ್ಟುಕೊಳ್ಳಿ, ಆದರೆ ಬೇರೆ ಕೋಣೆಯಲ್ಲಿ.

ಆಮೇಲೆ ಲೆನ್ಸ್ ಬಿಚ್ಚಿ. ಲೆನ್ಸಿನ ಬುಡದ ಪಕ್ಕ ಬಾಡಿಯ ಮೇಲೊಂದು ಚಿಕ್ಕ ಲಿವರ್ ಇದೆ. ಅದನ್ನು ಒತ್ತಿ ಹಿಡಿದು ಲೆನ್ಸ್ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅಪರ್ಚರ್ ರಿಂಗನ್ನು ಅತಿ ಚಿಕ್ಕ ಅಂಕಿಗೆ ತನ್ನಿ, ಬಹುಶಃ ಅದು 2 ಇರುತ್ತದೆ. ಈ ಅಂಕಿಗೇ ಎಫ್ ಅಂಕಿ ಎನ್ನುವುದು, ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ನಾಲ್ಕು ಚುಕ್ಕಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಹಳೆ ಲೆನ್ಸಿನಲ್ಲೂ ಇರುತ್ತದೆ. ಜೇಡರ ಬಲೆಯ ಥರ ಅಂಚಿನಿಂದ ನಡುವಿಗೆ ಕವಲೊಡೆದುಕೊಂಡು ಬರುವ ಎಳೆಗಳೇ ಬೂಷ್ಟು. ಅಂಚಿನಲ್ಲಷ್ಟೇ ಇದ್ದರೆ ಫೋಟೊದಲ್ಲಿ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ನಡುವೆ ಹರಡಿದ್ದರೂ ಬೆಳಕು ಬೆನ್ನ ಹಿಂದೆ ಇದ್ದಾಗ ಚಿತ್ರ ಚೆನ್ನಾಗೇ ಬರುತ್ತದೆ. ಸೂರ್ಯನೋ ದೀಪವೋ ಎದುರಿಗಿದ್ದಾಗ ಮಾತ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ.

ಇಲ್ಲಿ ನನ್ನದೊಂದು ನೋವಿನ ಕಥೆ ಹೇಳಬೇಕು. ನನ್ನ 50 ಎಂಎಂ ಲೆನ್ಸಿನಲ್ಲೂ ಹೀಗೇ ನಾಲ್ಕು ಎಳೆ ಕಂಡಿತ್ತು. ಗಾಬರಿಬಿದ್ದು ದೂರದ ಊರಿನ ಒಂದು ರಿಪೇರಿ ಅಂಗಡಿಗೆ ಕಳಿಸಿದೆ. ಅವರು ಏನು ಹಚ್ಚಿ ಒರೆಸಿದರೋ, ಬೂಷ್ಟಿನ ಜೊತೆ ಗಾಜಿನ ಮೇಲಿನ ಕೋಟಿಂಗೂ ಹೋಯಿತು. ಟಾರ್ಚ್ ಬಿಟ್ಟರೆ ಗುಂಡಗೆ ಉಜ್ಜಿದ ಗೀರುಗಳು ಕಾಣುತ್ತಿದ್ದವು. ಆ ಎಳೆಗಳಿಂದ ಆಗುತ್ತಿದ್ದ ಕೇಡಿಗಿಂತ ಆ ಒರೆಸುವಿಕೆಯಿಂದ ಆದದ್ದು ಜಾಸ್ತಿ. ಹಾಗಾಗಿ ಮೈಸೂರಿಗೋ ಬೆಂಗಳೂರಿಗೋ ರಿಪೇರಿಗೆ ಒಯ್ದರೆ ಮೊದಲು ಎರಡು ಮಾತು ಕೇಳಿ: ಲೆನ್ಸ್ ಪೂರ್ತಿ ಬಿಚ್ಚಿ ಒಂದೊಂದು ಗಾಜನ್ನೂ ಬೇರೆಯಾಗಿ ತೊಳೆಯುತ್ತೀರಾ? ಬೂಷ್ಟು ಗಾಜನ್ನೇ ತಿಂದಿದ್ದರೆ ಉಜ್ಜದೆ ಹಾಗೇ ಬಿಡುತ್ತೀರಾ? ಎರಡಕ್ಕೂ ಹೌದು ಅಂದರೆ ಕೊಡಿ. ಇಲ್ಲದಿದ್ದರೆ ಇದೇ ಥರದ ಇನ್ನೊಂದು ಲೆನ್ಸ್ ಕೊಳ್ಳಿ. ಕೆ1000ರ ಜೊತೆ ಸಾಮಾನ್ಯವಾಗಿ ಬರುತ್ತಿದ್ದ 50 ಎಂಎಂ ಎಫ್ 2 ಲೆನ್ಸ್ ಪೆಂಟಾಕ್ಸ್ ಲೆನ್ಸ್‌ಗಳಲ್ಲೇ ಅಗ್ಗದ್ದು. ಅಗ್ಗ ಎಂದು ಕಡೆಗಣಿಸಬೇಡಿ, ಎಫ್ 5.6ರಲ್ಲಿ ಅದರ ಚಿತ್ರ ಕಣ್ಣು ಕುಕ್ಕುವಷ್ಟು ಸ್ಪಷ್ಟ. ಅಜ್ಜನ ಲೆನ್ಸ್ ಮಾತ್ರ ಎಸೆಯಬೇಡಿ. ಬೇರೆ ಲೆನ್ಸ್‌ಗಳ ಜೊತೆ ಸೇರಿಸದೆ ಒಣ ಜಾಗದಲ್ಲಿಡಿ.

ಒಣ ಜಾಗ ಅಂದರೆ ಯಾವುದು? ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆ. ಕ್ಯಾಮೆರಾವನ್ನೂ ಅಲ್ಲಿಡಬಹುದಲ್ವಾ ಎಂದು ಒಬ್ಬರು ಕೇಳಿದ್ದರು. ಬೇಡ. ಬಿಸಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರಿನ ರೆಕ್ಕೆಗಳಿಗೆ ಹರಿಯುತ್ತದೆ, ಹೊಗೆಯ ಮಸಿ ಗಾಜಿಗೆ ಕೂರುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ, ಅಕ್ಕಿಯ ಹಿಟ್ಟು ಸಂದಿಗೆಲ್ಲ ಹೋಗುತ್ತದೆ. ಬಿಗಿಯಾಗಿ ಮುಚ್ಚುವ ರಬ್ಬರ್ ಅಂಚಿನ ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬ ತನ್ನಿ. ಅದಕ್ಕೆ 200 ಗ್ರಾಂ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಪುಟ್ಟ ಹೈಗ್ರೋಮೀಟರ್. ಒಳಗೆ ತೇವ ಶೇಕಡಾ 40ರಿಂದ 50 ಇರಬೇಕು. ಜುಲೈನಲ್ಲಿ ನನ್ನ ಕೋಣೆಯ ಗಾಳಿ 85ರ ಕೆಳಗೆ ಇಳಿಯುವುದೇ ಅಪರೂಪ, ಡಬ್ಬದ ಒಳಗೆ ಮಾತ್ರ 45. ಕಾಫಿಯನ್ನು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಏನಾಗುತ್ತದೆ ಎಂದು ತೋಟದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಇದೂ ಅದೇ ಲೆಕ್ಕ.

ಬಣ್ಣ ಬದಲಾಗುವ ಜೆಲ್ ಕೊಳ್ಳಿ. ನೀಲಿ ಬಣ್ಣದ್ದು ತೇವ ಕುಡಿದ ಮೇಲೆ ಗುಲಾಬಿಯಾಗುತ್ತದೆ. ಆಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಗೆ ಬರುತ್ತದೆ. ಆ ನೀಲಿ ಬಣ್ಣ ಕೋಬಾಲ್ಟ್ ಉಪ್ಪಿನದು, ಹೊಟ್ಟೆಗೆ ಹೋಗಬಾರದು. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಕಿತ್ತಳೆ ಬಣ್ಣದ ಜೆಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಮುಳ್ಳು ಅಲ್ಲಾಡದಿರುವುದಕ್ಕೆ ಕಾರಣ ಹತ್ತಕ್ಕೆ ಒಂಬತ್ತು ಸಲ ಬ್ಯಾಟರಿ. ತಳದಲ್ಲಿ ನಾಣ್ಯ ಹಾಕಿ ತಿರುಗಿಸುವ ಒಂದು ಮುಚ್ಚಳ ಇದೆ. ಒಳಗೆ ಗುಂಡಿಯಂಥ ಬ್ಯಾಟರಿ ಸೋರಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿರುತ್ತದೆ. ಇಯರ್ ಬಡ್ಡಿಗೆ ಒಂದೇ ಹನಿ ವಿನೆಗರ್ ತಾಗಿಸಿ ಒರೆಸಿ, ಲೋಹ ಹೊಳೆಯಬೇಕು. ಆಮೇಲೆ ಒಣ ಬಡ್ಡಿನಿಂದ ಒರೆಸಿ. ಹೊಸ ಬ್ಯಾಟರಿಗೆ ಎಲ್‌ಆರ್44 ಎಲ್ಲ ಕಡೆ ಸಿಗುತ್ತದೆ, ಆದರೆ ಎಸ್‌ಆರ್44 ಸಿಕ್ಕರೆ ಅದನ್ನೇ ಹಾಕಿ. ಅದು ಸಿಲ್ವರ್ ಆಕ್ಸೈಡ್ ಬ್ಯಾಟರಿ, ಮುಗಿಯುವವರೆಗೆ ಒಂದೇ ವೋಲ್ಟೇಜ್ ಕೊಡುತ್ತದೆ. ಮೀಟರಿಗೆ ಸ್ವಿಚ್ ಇಲ್ಲ ಅಂದೆನಲ್ಲ, ಲೆನ್ಸಿನ ಮುಚ್ಚಳವೇ ಸ್ವಿಚ್ಚು. ಬೆಳಕು ಬೀಳುತ್ತಿರುವಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಫೋಟೊ ತೆಗೆದಾದ ಮೇಲೆ ಮುಚ್ಚಳ ಹಾಕಿಬಿಡಿ.

ಹೊಸ ಬ್ಯಾಟರಿ ಹಾಕಿ, ಲೆನ್ಸ್ ಕೂರಿಸಿ, ಕಿಟಕಿಯ ಕಡೆ ನೋಡುತ್ತಾ ಶಟರ್ ಡಯಲ್ ತಿರುಗಿಸಿ. ಮುಳ್ಳು ಏಳಬೇಕು, ಇಳಿಯಬೇಕು. ಅಲುಗಲೇ ಇಲ್ಲವಾದರೂ ಕ್ಯಾಮೆರಾ ಸತ್ತಿಲ್ಲ. ಶಟರಿಗೆ ಬ್ಯಾಟರಿಯೇ ಬೇಡ, ಅದು ಪೂರಾ ಸ್ಪ್ರಿಂಗು, ಗೇರಿನ ಕೆಲಸ. ಮೊಬೈಲಿನಲ್ಲಿ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡರೆ ಆಯಿತು.

ಶಟರ್ ಪರೀಕ್ಷೆಗೆ ಬಾಗಿಲು ತೆರೆದು, ಒಂದು ಸೆಕೆಂಡಿನಿಂದ ಸಾವಿರದವರೆಗೆ (ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ) ಪ್ರತಿ ಸ್ಪೀಡಿನಲ್ಲೂ, ಮೇಲಿನ ಲಿವರ್ ಎಳೆದು ಎಳೆದು, ಹತ್ತಿಪ್ಪತ್ತು ಸಲ ಬಟನ್ ಒತ್ತಿ. ವರ್ಷಗಟ್ಟಲೆ ಮಲಗಿದ ಯಂತ್ರ, ಎದ್ದು ಮೈ ಮುರಿಯಲು ಸ್ವಲ್ಪ ಹೊತ್ತು ಬೇಕು. ಒಂದು ಸೆಕೆಂಡನ್ನು ಗಡಿಯಾರದ ಜೊತೆ ಹೋಲಿಸಿ. ಬಟ್ಟೆಯ ಪರದೆಗೆ ತೂತು ಬಿದ್ದಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿ. 1000ದ ಸ್ಪೀಡ್ ಸ್ವಲ್ಪ ನಿಧಾನ ಇರುವುದು ಮಾಮೂಲು, ಆ ಸ್ಪೀಡ್ ಬಳಸದಿದ್ದರೆ ಮುಗಿಯಿತು. ಏನೇ ಬಿಗಿಯಾಗಿದ್ದರೂ ಹೊಲಿಗೆ ಮಿಷನ್ ಎಣ್ಣೆ ಬಿಡಬೇಡಿ. ಎಣ್ಣೆ ಪರದೆಗೆ ಹರಿದರೆ ಮತ್ತೆ ರಿಪೇರಿ ಕಷ್ಟ. ಕನ್ನಡಿಯನ್ನು ಬೆರಳಿಂದ ಮುಟ್ಟಲೂಬೇಡಿ, ಅದರ ಹೊಳಪಿನ ಲೇಪ ಮೇಲ್ಮೈಯಲ್ಲೇ ಇದೆ.

ಬಾಗಿಲಿನ ಅಂಚಿನ ಸಂದಿಯಲ್ಲಿ ಕಪ್ಪು ಫೋಮ್ ಇರುತ್ತದೆ. ಅದು ಈಗ ಅಂಟಾಗಿ, ಮುಟ್ಟಿದರೆ ಡಾಂಬರಿನ ಥರ ಕೈಗೆ ಹತ್ತುತ್ತದೆ. ಅದು ಹೋದರೆ ಬೆಳಕು ನುಗ್ಗಿ ಫೋಟೊದ ಮೇಲೆ ಕೆಂಪು ಗೆರೆ ಬರುತ್ತದೆ. ಟೂತ್‌ಪಿಕ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಕೆರೆದು ತೆಗೆದು, ಆ ಜಾಗದಲ್ಲಿ ಸ್ವೆಟರ್ ಹೆಣೆಯುವ ಕಪ್ಪು ಉಲ್ಲನ್ ದಾರ ಕೂರಿಸಿ. ಒಂದು ಸಂಜೆಯ ಕೆಲಸ, ಖರ್ಚು ಇಲ್ಲವೆಂದೇ ಹೇಳಬೇಕು. ನನ್ನದರಲ್ಲಿ ಇಂದಿಗೂ ಆ ಉಲ್ಲನ್ನೇ ಇದೆ.

ಫಿಲ್ಮ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಡಗಿಗೆ ನನ್ನ ಆಯ್ಕೆ 400 ಸ್ಪೀಡಿನದು. ಫಿಲ್ಮಿನ ಸ್ಪೀಡ್ ಜಾಸ್ತಿ ಇದ್ದಷ್ಟೂ ಕಡಿಮೆ ಬೆಳಕು ಸಾಕು. ಕಪ್ಪು-ಬಿಳುಪಿನಲ್ಲಿ ಇಲ್‌ಫರ್ಡ್ ಎಚ್‌ಪಿ5 ಅಥವಾ ಕೆಂಟ್‌ಮಿಯರ್ 400, ಕಲರಿನಲ್ಲಿ ಕೊಡಾಕ್ ಅಲ್ಟ್ರಾಮ್ಯಾಕ್ಸ್. ಬಯಲುಸೀಮೆಯವರು 100, 200 ಎನ್ನುತ್ತಾರೆ. ಅವರಿಗೆ ಬಿಸಿಲಿದೆ. ನಮ್ಮ ಕಾಫಿ ತೋಟದೊಳಗೆ, ಸಿಲ್ವರ್ ಓಕಿನ ನೆರಳಲ್ಲಿ, ನಡು ಮಧ್ಯಾಹ್ನವೂ 400 ಫಿಲ್ಮಿಗೆ ಎಫ್ 2.8, ಅರವತ್ತನೇ ಒಂದು ಸೆಕೆಂಡು ಎಂದು ಮುಳ್ಳು ಹೇಳುವುದುಂಟು. ಕಲರ್ ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಅದರಲ್ಲಿ ನಮಗೊಂದು ಅನುಕೂಲ ಇದೆ. ರಾಸಾಯನಿಕ 20 ಡಿಗ್ರಿ ಇರಬೇಕು ಎಂದು ಬೇರೆ ಊರಿನವರು ಐಸ್ ಹಾಕಿ ಪರದಾಡುತ್ತಾರೆ. ಡಿಸೆಂಬರಿನ ಮಡಿಕೇರಿಯಲ್ಲಿ ನಲ್ಲಿ ನೀರೇ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಮೊದಲ ರೋಲನ್ನು ಪುತ್ತರಿಗೆ ಇಡಬೇಡಿ. ಮುಳ್ಳಿನ ಭಾಷೆ ಕಲಿಯಲು ಅದನ್ನು ಖರ್ಚು ಮಾಡಿ. ಶಟರ್ ಡಯಲಿನ ಹೊರ ಉಂಗುರವನ್ನು ಮೇಲೆತ್ತಿ ತಿರುಗಿಸಿದರೆ ಪುಟ್ಟ ಕಿಟಕಿಯಲ್ಲಿ ಫಿಲ್ಮಿನ ಸ್ಪೀಡ್ ಬರುತ್ತದೆ, 400 ಇಡಿ. ಇದನ್ನು ಮರೆತರೆ ಮುಳ್ಳು ಹೇಳುವುದೆಲ್ಲ ತಪ್ಪು. ಮುಳ್ಳು ನಡುವೆ ನಿಂತರೆ ಬೆಳಕು ಸರಿ, ಮೇಲೆ ಹೋದರೆ ಜಾಸ್ತಿ, ಕೆಳಗಿಳಿದರೆ ಕಡಿಮೆ.

ಆದರೆ ಈ ಮುಳ್ಳಿಗೆ ಒಂದು ನಂಬಿಕೆ ಇದೆ. ಎದುರಿಗೆ ಇರುವುದೆಲ್ಲ ನಡುಮಧ್ಯದ ಬೂದು ಬಣ್ಣ ಎಂದೇ ಅದು ತಿಳಿದಿದೆ. ಅದಕ್ಕೆ ಮಂಜು ಗೊತ್ತಿಲ್ಲ, ಮದುಮಗ ಗೊತ್ತಿಲ್ಲ. ಬೆಳಿಗ್ಗೆ ಮಾಂದಲಪಟ್ಟಿಯಲ್ಲಿ ಮಂಜಿಗೆ ಕ್ಯಾಮೆರಾ ಹಿಡಿದು ಮುಳ್ಳನ್ನು ನಡುವೆ ತಂದರೆ, ಬೆಳ್ಳನೆ ಮಂಜು ಹೊಗೆಯ ಥರ ಕೊಳಕಾಗಿ ಬರುತ್ತದೆ. ಅಲ್ಲಿ ಎಫ್ 8 ಎಂದರೆ ನೀವು 5.6 ಇಡಬೇಕು. ಹೂಮಳೆ ಬಿದ್ದು ವಾರ-ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದಲ್ಲ, ಆಗ ಹತ್ತಿರದಿಂದ ಹೂವು ತೆಗೆಯುವಾಗಲೂ ಹೀಗೇ ಒಂದು ಸ್ಟಾಪ್, ಅಂದರೆ ಎಫ್ ಅಂಕಿಯ ಒಂದು ಮೆಟ್ಟಿಲು, ತೆರೆಯಬೇಕು.

ಕೊಡವ ಮದುವೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮದುಮಗ ಬಿಳಿ ಕುಪ್ಯದಲ್ಲಿ (ಕೊಡವ ಗಂಡಸರ ಉದ್ದ ನಿಲುವಂಗಿ), ಪಕ್ಕದಲ್ಲಿರುವ ನೆಂಟರು ಕಪ್ಪು ಕುಪ್ಯದಲ್ಲಿ. ಒಂದೇ ನೆರಳು, ಒಂದೇ ಬೆಳಕು. ಚೌಕಟ್ಟಿನ ತುಂಬ ಮದುಮಗನ ಎದೆ ತುಂಬಿಸಿ ನೋಡಿ, ಮುಳ್ಳು ಎಫ್ 8 ಅಥವಾ 11 ಕೇಳುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಪ್ಪು ಕುಪ್ಯ ತುಂಬಿಸಿ, ಅದು 2.8ಕ್ಕೆ ಇಳಿಯುತ್ತದೆ. ಬೆಳಕು ಬದಲಾಗಿಲ್ಲ, ಬಟ್ಟೆ ಬದಲಾಯಿತು ಅಷ್ಟೆ. ಮುಳ್ಳು ಹೇಳಿದ್ದನ್ನೇ ಕೇಳಿದರೆ ಮದುಮಗನ ಮುಖ ಕಪ್ಪಾಗಿ, ನೆಂಟರ ಮುಖ ಸುಣ್ಣ ಬಳಿದ ಹಾಗೆ ಬರುತ್ತದೆ. ಇದಕ್ಕೆ ಸುಲಭದ ದಾರಿ ನಿಮ್ಮ ಅಂಗೈ. ಅವರ ಮುಖಕ್ಕೆ ಬೀಳುವ ಬೆಳಕೇ ಬೀಳುವ ಹಾಗೆ ಅಂಗೈ ಹಿಡಿದು, ಅದನ್ನೇ ಚೌಕಟ್ಟಿನ ತುಂಬ ತುಂಬಿಸಿ ಮುಳ್ಳನ್ನು ನಡುವೆ ತನ್ನಿ. ಅಲ್ಲಿಂದ ಒಂದು ಸ್ಟಾಪ್ ತೆರೆಯಿರಿ. ಆಮೇಲೆ ಬಿಳಿ ಕುಪ್ಯ ಬರಲಿ, ಕರಿ ಕುಪ್ಯ ಬರಲಿ, ಏನನ್ನೂ ಬದಲಿಸಬೇಡಿ. ಈ ಒಂದು ಅಭ್ಯಾಸ ನನಗೆ ಕೈ ಹತ್ತಲು ಮೂರು ರೋಲ್ ಹಿಡಿಯಿತು.

ಫಿಲ್ಮ್ ಹಾಕುವಾಗ ಒಂದು ಎಚ್ಚರ. ತುದಿಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸೇರಿಸಿ, ಮೇಲೆ ಕೆಳಗೆ ಎರಡೂ ಕಡೆ ಹಲ್ಲುಗಳು ತೂತಿಗೆ ಕೂತವೇ ನೋಡಿ, ಆಮೇಲೆ ಬಾಗಿಲು ಹಾಕಿ. ಮೇಲಿನ ಲಿವರ್ ಎಳೆದಾಗಲೆಲ್ಲ ಎಡಗಡೆಯ ನಾಬ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹೋಗುತ್ತಿಲ್ಲ ಎಂದೇ ಅರ್ಥ, ಅಂಕಿ ಮಾತ್ರ ಮುಂದೆ ಹೋಗುತ್ತಿರುತ್ತದೆ. ನನ್ನ ದೊಡ್ಡಮ್ಮನ ಕೊನೆಯ ಪುತ್ತರಿಯಂದು ನಾನು 36 ಫೋಟೊ ತೆಗೆದೆ. ತೊಳೆದಾಗ ರೋಲ್ ಪೂರಾ ಖಾಲಿ. ಆ ನಾಬನ್ನು ಒಂದು ಸಲ ನೋಡಿದ್ದರೆ ಸಾಕಿತ್ತು. ಈಗ ಪ್ರತಿ ಫ್ರೇಮಿಗೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಪುತ್ತರಿ ಹುಣ್ಣಿಮೆಯ ಆಸುಪಾಸಿನ ರಾತ್ರಿ. ಗದ್ದೆಯಲ್ಲಿ ಬೆಳಕು ಬಹಳ ಕಡಿಮೆ. ಎಚ್‌ಪಿ5 ಹಾಕಿ, ಡಯಲನ್ನು 400ರ ಬದಲು 1600ಕ್ಕೆ ಇಡಿ. ತೊಳೆಯುವವರಿಗೆ 1600ಕ್ಕೆ ಪುಶ್ ಮಾಡಿ, ಅಂದರೆ ಜಾಸ್ತಿ ಹೊತ್ತು ತೊಳೆಯಿರಿ, ಎಂದು ಮರೆಯದೆ ಹೇಳಿ. ಮನೆಯಲ್ಲೇ ತೊಳೆದರೆ ಐಡಿ-11 ಎಂಬ ರಾಸಾಯನಿಕದಲ್ಲಿ ನೀರು ಬೆರೆಸದೆ 20 ಡಿಗ್ರಿಯಲ್ಲಿ, ಏಳೂವರೆ ನಿಮಿಷದ ಬದಲು 14 ನಿಮಿಷ. ತಟ್ಟೆಯಲ್ಲಿ ಅಕ್ಕಿ, ದೀಪ ಇಟ್ಟುಕೊಂಡು ಮುಂದೆ ನಡೆಯುವ ಹೆಂಗಸಿನ ಮುಖಕ್ಕೆ ಆ ದೀಪದ ಬೆಳಕೇ ಸಾಕು: ಎಫ್ 2, ಮೂವತ್ತನೇ ಒಂದು ಸೆಕೆಂಡು. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಆಮೇಲೆ ಬಟನ್ ಒತ್ತಿ. ಎಫ್ 2ರಲ್ಲಿ ಎರಡು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವುದು ಒಂದು ಗೇಣಿಗಿಂತ ಕಡಿಮೆ ಜಾಗ. ಕತ್ತಲಲ್ಲಿ ಮುಖಕ್ಕೆ ಫೋಕಸ್ ಸಿಗುವುದಿಲ್ಲ, ದೀಪದ ಕುಡಿಗೆ ಮಾಡಿ. ಕತ್ತಲಲ್ಲಿ ಮುಳ್ಳು ಕೂಡ ನಿಧಾನ, ಅದು ನಿಲ್ಲುವವರೆಗೆ ಎರಡು ಮೂರು ಸೆಕೆಂಡು ಕಾಯಿರಿ. ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಎಂದು ಕೂಗುವ ಹೊತ್ತಿಗೆ ಇದೆಲ್ಲ ನೋಡುತ್ತಾ ಕೂರಲು ಆಗುವುದಿಲ್ಲ, ಮೊದಲೇ ಇಟ್ಟುಕೊಂಡಿರಿ. ಫ್ಲ್ಯಾಶ್ ಬಳಸುವುದಾದರೆ ಶಟರ್ ಸ್ಪೀಡ್ 60 ಇರಲಿ, ಅದಕ್ಕಿಂತ ಜಾಸ್ತಿ ಇಟ್ಟರೆ ಫೋಟೊದ ಒಂದು ಭಾಗ ಕಪ್ಪಾಗುತ್ತದೆ. ನನ್ನನ್ನು ಕೇಳಿದರೆ ಫ್ಲ್ಯಾಶ್ ಬೇಡ. ದೀಪದ ಬೆಳಕನ್ನೇ ಅದು ಅಳಿಸಿಹಾಕುತ್ತದೆ.

ಗದ್ದೆಯ ಚಳಿಯಿಂದ ಬಂದು ನೇರ ಅಡುಗೆಮನೆಗೆ ಹೋದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಗದ್ದೆಯಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಮನೆಯೊಳಗೆ ಅರ್ಧ ಗಂಟೆ ಹಾಗೇ ಇಟ್ಟು, ಆಮೇಲೆ ಹೊರತೆಗೆಯಿರಿ.

ರೋಲಿನಲ್ಲಿ ಕೊನೆಯ ನಾಲ್ಕು ಫ್ರೇಮ್ ಉಳಿಸಿಕೊಳ್ಳಿ. ಮನೆಯವರೆಲ್ಲ ನೆಲ್ಲಕ್ಕಿಯಲ್ಲಿ, ಅಂದರೆ ಐನ್‌ಮನೆಯ ನಡುಮನೆಯಲ್ಲಿ, ದೀಪದ ಹತ್ತಿರ ಸೇರಿದಾಗ ಬೆಳಕು ನೋಡಿ ಸ್ಪೀಡು, ಅಪರ್ಚರ್ ಎರಡನ್ನೂ ನೀವೇ ಇಡಿ. ಫೋಕಸ್ ಮಾಡಿ, ನಿಂತ ಜಾಗಕ್ಕೆ ನೆಲದ ಮೇಲೆ ಒಂದು ಕಡ್ಡಿ ಇಟ್ಟು ಗುರುತು ಮಾಡಿ. ಆಮೇಲೆ ಕ್ಯಾಮೆರಾವನ್ನು ಮನೆಯ ಚಿಕ್ಕ ಮಕ್ಕಳಲ್ಲಿ ಒಬ್ಬರ ಕೈಗೆ ಕೊಟ್ಟು, ಆ ಕಡ್ಡಿಯ ಹತ್ತಿರ ನಿಲ್ಲಿಸಿ, ಯಾವುದನ್ನೂ ತಿರುಗಿಸದೆ ಬಟನ್ ಮಾತ್ರ ಒತ್ತಲು ಹೇಳಿ. ನೀವು ಹೋಗಿ ಎಲ್ಲರ ನಡುವೆ ನಿಂತುಕೊಳ್ಳಿ.